ಬಾನಿನಲ್ಲಿ ಯಂತ್ರ ನಿಂತಾಗ

ವಿಮಾನವೆಂಬುದು ಒಂದು ಕಾಲಕ್ಕೆ ನಮ್ಮ ಗೋಕಾಕ, ಹುಕ್ಕೇರಿ ಸೀಮೆಯ ಜನರಿಗೆ ತಲೆಯೆತ್ತಿ ನೋಡುವ ವಸ್ತು ಮಾತ್ರವಾಗಿತ್ತು. ಆಕಾಶದಲ್ಲಿ ಸದ್ದು ಕೇಳಿದೊಡನೆ ಹೊಲದಲ್ಲಿ ಕಳೆ ಕೀಳುತ್ತಿದ್ದ ತಾಯಂದಿರು ಕೈಗೆಲಸ ನಿಲ್ಲಿಸಿ, ಹಣೆಗೆ ಕೈ ಅಡ್ಡಹಿಡಿದು, ಅದು ಮೋಡದಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು. ಆ ತಾಯಂದಿರ ಮೊಮ್ಮಕ್ಕಳು ಇಂದು ವಿಮಾನ ನಡೆಸುವ ವಿದ್ಯೆಯನ್ನೇ ಕಲಿಯಲು ಹೊರಟಿದ್ದಾರೆ. ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ ಬ್ರಿಟಿಷರ ವಾಯುಪಡೆ ಬೆಳಗಾವಿಯ ಸಾಂಬ್ರಾದಲ್ಲಿ ಕಟ್ಟಿದ ವಿಮಾನನೆಲೆ ಈಗ ತರಬೇತಿಯ ತಾಣವೂ ಆಗಿದೆ. ೨೦೨೧ರಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹಾರಾಟದ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಅವುಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಸೇರಿದ್ದವು.

ಆದ್ದರಿಂದಲೇ ಈಚೆಗೆ ನಮ್ಮ ಬಳಿಗೆ ಬರುವ ಮನೆತನದವರು ಮದುವೆ, ಗುರುಪ್ರವೇಶಗಳ ಮಾತಿನ ನಡುವೆ ಹೊಸದೊಂದು ಪ್ರಶ್ನೆಯನ್ನೂ ಇಡತೊಡಗಿದ್ದಾರೆ: "ಮಗಳು ಪೈಲಟ್ ಆಗುತ್ತೇನೆ ಎನ್ನುತ್ತಾಳೆ. ಸಣ್ಣ ವಿಮಾನ, ಒಂದೇ ಎಂಜಿನ್. ಮೇಲೆ ಹೋದಾಗ ಅದು ನಿಂತುಬಿಟ್ಟರೆ ಏನು ಗತಿ?" ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ದೊಡ್ಡ ವಿಮಾನವು ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ಎರಡೂ ಎಂಜಿನ್‌ಗಳ ಬಲ ಕಳೆದುಕೊಂಡು ಬಿದ್ದು ೨೬೦ ಜನ ಮಡಿದ ಮೇಲೆ ಈ ಪ್ರಶ್ನೆಯ ಹಿಂದಿನ ಭಯ ಇನ್ನೂ ದಟ್ಟವಾಗಿದೆ. ನಾವು ಶಾಸ್ತ್ರ ಓದಿದವರು, ಯಂತ್ರ ಓದಿದವರಲ್ಲ. ಆದರೆ ಹೆತ್ತವರ ಇಂಥ ಪ್ರಶ್ನೆಗೆ "ಎಲ್ಲ ಶಿವನಿಚ್ಛೆ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲವೆಂದು ತಿಳಿದು, ಬಲ್ಲವರು ಬರೆದುದನ್ನು ಓದಿ, ಮನಸ್ಸಿಗೆ ದಿಟವೆನಿಸಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲಿಗೆ ನಮ್ಮ ಜಿಲ್ಲೆಯಲ್ಲೇ ನಡೆದ ಸಂಗತಿ. ೨೦೨೩ರ ಮೇ ೩೦ರ ಬೆಳಿಗ್ಗೆ ಸಾಂಬ್ರಾದಿಂದ ಮೇಲೇರಿದ ರೆಡ್‌ಬರ್ಡ್ ತರಬೇತಿ ಸಂಸ್ಥೆಯ ಎರಡಾಸನದ ವಿಮಾನವೊಂದು ತಾಂತ್ರಿಕ ದೋಷಕ್ಕೆ ಒಳಗಾಗಿ, ಸಮೀಪದ ಹೊನ್ನಿಹಾಳ ಗ್ರಾಮದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದವರು ಇಬ್ಬರು. ಇಬ್ಬರಿಗೂ ಸಣ್ಣಪುಟ್ಟ ಗಾಯಗಳಾದವು, ಇಬ್ಬರೂ ಉಳಿದರು. ಸುದ್ದಿ ಒಂದೆರಡು ದಿನ ಪತ್ರಿಕೆಗಳಲ್ಲಿ ಬಂದು ಮರೆಯಾಯಿತು. ವಿಮಾನ ನಿಲ್ದಾಣವಲ್ಲದ, ಡಾಂಬರಿಲ್ಲದ, ಬದುಗಳ ನಡುವಿನ ಹೊಲದಲ್ಲಿ ಇಳಿದೂ ಇಬ್ಬರು ಬದುಕಿದ್ದು ಹೇಗೆಂದು ಕೇಳಿದವರು ಕಡಿಮೆ. ಅದನ್ನು ದೈವಯೋಗವೆಂದು ಎಲ್ಲರೂ ಹೇಳಿದರು. ಇಂಥ ಸಂದರ್ಭಕ್ಕೆಂದೇ ಒಂದು ವಿದ್ಯೆ ಇದೆ. ಅದನ್ನು ಹಾರಾಟದ ಶಾಲೆಗಳಲ್ಲಿ ತಿಂಗಳುಗಟ್ಟಲೆ ಕಲಿಸುತ್ತಾರೆ ಎಂಬುದನ್ನು ಹೇಳಿದವರು ವಿರಳ.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆಂಬುದು ನಮ್ಮಲ್ಲಿ ಬಹುಜನರ ನಂಬಿಕೆ. ಅದು ನಿಜವಲ್ಲ. ವಿಮಾನವನ್ನು ಎತ್ತಿಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಕೆಳಗೆ ಗಾಳಿ ಸಾಕಷ್ಟು ವೇಗದಿಂದ ಹರಿಯುತ್ತಿರುವವರೆಗೆ ಅದು ಭಾರವನ್ನು ಹೊರುತ್ತದೆ. ಎಂಜಿನ್ ಮಾಡುವ ಕೆಲಸ ಆ ವೇಗವನ್ನು ಒದಗಿಸುವುದಷ್ಟೇ. ಸೈಕಲ್ಲಿನ ದೃಷ್ಟಾಂತ ತೆಗೆದುಕೊಳ್ಳೋಣ. ಗೋಕಾಕ ಫಾಲ್ಸಿನಿಂದ ಊರಿನ ಕಡೆಗೆ ಇಳಿಜಾರಿನಲ್ಲಿ ಬರುವ ಹುಡುಗನು ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಓಡುತ್ತಲೇ ಇರುತ್ತದೆ, ಇಳಿಜಾರೇ ಅದಕ್ಕೆ ವೇಗ ಕೊಡುತ್ತದೆ. ಎಂಜಿನ್ ನಿಂತ ವಿಮಾನವೂ ಮೂತಿಯನ್ನು ತುಸು ತಗ್ಗಿಸಿ ಗಾಳಿಯ ಇಳಿಜಾರಿನಲ್ಲಿ ಜಾರುತ್ತ ಹೋಗುತ್ತದೆ. ಎತ್ತರವೇ ಅದರ ಇಂಧನ. ಅಹಮದಾಬಾದಿನ ವಿಮಾನಕ್ಕೆ ಇಲ್ಲದೆ ಹೋದದ್ದು ಈ ಎತ್ತರ.

ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ತರಬೇತಿಗೆ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಸೆಸ್ನಾ ೧೭೨ ಎಂಬ ನಾಲ್ಕಾಸನದ ವಿಮಾನವು ಎಂಜಿನ್ ಇಲ್ಲದೆ ಜಾರುವಾಗ ಒಂದು ಅಡಿ ಕೆಳಗಿಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ಆಗ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ ೧೨೦ ಕಿಲೋಮೀಟರ್ ಇರಬೇಕು. ನೆಲದಿಂದ ೩೦೦೦ ಅಡಿ ಎತ್ತರದಲ್ಲಿ ಎಂಜಿನ್ ನಿಂತಿತೆನ್ನಿ. ಚಾಲಕನ ಕೈಯಲ್ಲಿ ಸುಮಾರು ಎಂಟು ಕಿಲೋಮೀಟರ್ ದಾರಿ, ನಾಲ್ಕು ನಿಮಿಷ ಸಮಯ ಉಳಿಯುತ್ತವೆ. ಎಂಟು ಕಿಲೋಮೀಟರ್ ಎಂದರೆ ಗೋಕಾಕ ಪಟ್ಟಣದಿಂದ ಜಲಪಾತವನ್ನು ದಾಟಿ ಸ್ವಲ್ಪ ಮುಂದೆ. ಗೋಕಾಕವಾಗಲಿ ಹುಕ್ಕೇರಿಯಾಗಲಿ ಸಾಂಬ್ರಾದಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ೪೦ ಕಿಲೋಮೀಟರ್, ಮೂಡಲಗಿ ಅದಕ್ಕಿಂತಲೂ ದೂರ. ಆದ್ದರಿಂದ ನಮ್ಮ ಮೂರು ತಾಲೂಕುಗಳ ಮೇಲೆ ಹಾರುವಾಗ ಎಂಜಿನ್ ಕೈಕೊಟ್ಟ ಸಣ್ಣ ವಿಮಾನವು ಸಾಂಬ್ರಾವನ್ನು ಮುಟ್ಟಲಾರದು. ಅದು ಇಳಿಯುವುದು ನಮ್ಮ ಹೊಲದಲ್ಲಿಯೇ. ಈ ಲೇಖನ ಪೈಲಟ್ ಆಗಬಯಸುವ ಮಕ್ಕಳ ಮನೆಯವರಿಗೆ ಮಾತ್ರವಲ್ಲ, ಹೊಲವುಳ್ಳ ಎಲ್ಲರಿಗೂ ಸಲ್ಲುವುದು ಈ ಕಾರಣಕ್ಕೆ.

ಆ ನಾಲ್ಕು ನಿಮಿಷಗಳಲ್ಲಿ ಚಾಲಕನು ಮಾಡಬೇಕಾದುದೇನು? ಮೊದಲ ಕೆಲಸ ವೇಗವನ್ನು ಕಾಯುವುದು. ಕೇಳಲು ಸುಲಭವಾದ ಈ ಮಾತು ಮನುಷ್ಯನ ಸಹಜಪ್ರವೃತ್ತಿಗೆ ನೇರ ವಿರುದ್ಧವಾದುದು. ಸದ್ದು ನಿಂತ ಕೂಡಲೆ ಪ್ರಾಣಭಯದಿಂದ ಕೈಯು ಹಿಡಿಕೆಯನ್ನು ತನ್ನತ್ತ ಸೆಳೆಯುತ್ತದೆ, ವಿಮಾನದ ಮೂತಿಯನ್ನು ಮೇಲಕ್ಕೆತ್ತಿ ಎತ್ತರವನ್ನು ಉಳಿಸಿಕೊಳ್ಳಲು ಹವಣಿಸುತ್ತದೆ. ಹಾಗೆ ಎತ್ತಿದರೆ ವೇಗ ಕುಸಿಯುತ್ತದೆ. ವೇಗ ಒಂದು ಮಿತಿಗಿಂತ ಕೆಳಗಿಳಿದರೆ ರೆಕ್ಕೆಯ ಮೇಲಿನ ಗಾಳಿ ಒಡೆದು ಚದುರಿ ರೆಕ್ಕೆ ಭಾರ ಹೊರುವುದನ್ನೇ ಬಿಟ್ಟುಬಿಡುತ್ತದೆ. ಇದನ್ನು ಸ್ಟಾಲ್ ಎಂದು ಕರೆಯುತ್ತಾರೆ. ವಿಮಾನ ಕಲ್ಲಾಗುವುದು ಆ ಕ್ಷಣದಲ್ಲಿ. ಎಂಜಿನ್ ನಿಂತದ್ದರಿಂದ ಸಾಯದವರು ಈ ಕೈಯಿಂದ ಸತ್ತಿದ್ದಾರೆ ಎಂದು ಹಾರಾಟದ ಗುರುಗಳು ಹೇಳುತ್ತಾರೆ. ಆದ್ದರಿಂದ ಕಲಿಸುವ ಮೊದಲ ಪಾಠ ಕೈಯನ್ನು ಸಡಿಲಿಸಿ ಮೂತಿಯನ್ನು ಕೆಳಗೆ ಮಾಡುವುದು. ಭಯವಾದಾಗ ನೆಲದ ಕಡೆಗೇ ಮುಖಮಾಡುವುದು.

ಎರಡನೆಯದು ಇಳಿಯುವ ಜಾಗವನ್ನು ಆರಿಸುವುದು. ಮೂರನೆಯದು, ಸಮಯ ಉಳಿದರೆ, ಎಂಜಿನ್ನನ್ನು ಮತ್ತೆ ಎಬ್ಬಿಸಲು ಯತ್ನಿಸುವುದು. ಅದಾದ ಮೇಲೆ ರೇಡಿಯೊದಲ್ಲಿ "ಮೇಡೇ" ಎಂದು ಮೂರು ಸಲ ಕೂಗಿ ತಾನೆಲ್ಲಿದ್ದೇನೆ, ಏನಾಗಿದೆ, ಎಷ್ಟು ಜನರಿದ್ದಾರೆ ಎಂದು ತಿಳಿಸುವುದು. ಈ ಪದವನ್ನು ೧೯೨೩ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಬಳಕೆಗೆ ತಂದರು. "ನನಗೆ ನೆರವಾಗಿ" ಎಂಬರ್ಥದ ಫ್ರೆಂಚ್ ಮಾತಿನ ಧ್ವನಿ ಅದರಲ್ಲಿದೆ. ಕೂಗು ಕೊನೆಗೆ ಬರುವುದನ್ನು ಗಮನಿಸಬೇಕು. ನೆಲದ ಮೇಲಿರುವ ಯಾರೂ ಆ ನಾಲ್ಕು ನಿಮಿಷದಲ್ಲಿ ಮೇಲಕ್ಕೆ ಬಂದು ಕೈಹಿಡಿಯಲಾರರು. ಹಾರಿಸುವುದು ಮೊದಲು, ಹೇಳುವುದು ಆಮೇಲೆ.

ಈ ಕ್ರಮವನ್ನೆಲ್ಲ ಪುಸ್ತಕ ತೆರೆದು ಓದುವಷ್ಟು ವ್ಯವಧಾನ ಆಗ ಇರುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಇದನ್ನು ಕಂಠಪಾಠ ಮಾಡಬೇಕೆಂಬ ನಿಯಮವಿದೆ. ನಮ್ಮ ಮಠದ ಪಾಠಶಾಲೆಯಲ್ಲಿ ಅರ್ಥ ತಿಳಿಯುವ ಮುನ್ನವೇ ಅಮರಕೋಶವನ್ನು ಬಾಯಿಗೆ ಬರಿಸುತ್ತಿದ್ದರು. ಅದನ್ನು ಗಿಳಿಪಾಠವೆಂದು ಹಳಿದವರು ಬಹಳ. ಆದರೆ ಬುದ್ಧಿ ತತ್ತರಿಸಿದ ಹೊತ್ತಿನಲ್ಲಿ ನೆರವಿಗೆ ಬರುವುದು ಬಾಯಿಗೆ ಬಂದುದೇ ಎಂಬುದನ್ನು ಈ ಹೊಸ ವಿದ್ಯೆಯವರೂ ಒಪ್ಪಿರುವುದು ನಮಗೆ ಸಂತೋಷ ತಂದಿತು. ಕೇವಲ ಬಾಯಿಪಾಠವಲ್ಲ, ಅಭ್ಯಾಸವೂ ಉಂಟು. ಹಾರುತ್ತಿರುವಾಗ ಗುರುವು ಮುನ್ಸೂಚನೆ ಕೊಡದೆ ಎಂಜಿನ್ನಿನ ಬಲವನ್ನು ತಗ್ಗಿಸಿ "ಈಗ ಎಲ್ಲಿ ಇಳಿಯುವೆ?" ಎಂದು ಕೇಳುತ್ತಾನೆ. ಶಿಷ್ಯನು ಹೊಲವೊಂದನ್ನು ತೋರಿಸಿ, ಅದರತ್ತ ಜಾರಿ, ಇಳಿಯಬಹುದಿತ್ತೆಂದು ಖಚಿತವಾದ ಮೇಲೆ ಗುರು ಮತ್ತೆ ಬಲ ಕೊಡುತ್ತಾನೆ. ವಾಣಿಜ್ಯ ಚಾಲಕನ ಪರವಾನಗಿಗೆ ನಮ್ಮ ದೇಶದಲ್ಲಿ ೨೦೦ ಗಂಟೆಗಳ ಹಾರಾಟ ಬೇಕು. ಅಷ್ಟು ಹೊತ್ತಿಗೆ ಈ ಪರೀಕ್ಷೆ ಮತ್ತೆ ಮತ್ತೆ ಎದುರಾಗಿರುತ್ತದೆ.

ಎಂಜಿನ್ ನಿಲ್ಲುವುದಕ್ಕೆ ಕಾರಣಗಳು ಹಲವು. ಪಂಪ್‌ಸೆಟ್ ಕಂಡ ನಮ್ಮ ರೈತರಿಗೆ ಅವು ಅಪರಿಚಿತವೇನಲ್ಲ. ಎಣ್ಣೆ ತೀರಿರಬಹುದು. ಎರಡು ರೆಕ್ಕೆಗಳಲ್ಲಿ ಎರಡು ಟ್ಯಾಂಕ್ ಇರುವಾಗ ಒಂದು ತೀರಿ ಇನ್ನೊಂದು ತುಂಬಿಯೇ ಇರಬಹುದು; ಆಗ ಒಂದು ಕೀಲನ್ನು ತಿರುಗಿಸಿದರೆ ಎಂಜಿನ್ ಎದ್ದು ಕೂಡುತ್ತದೆ. ಪೆಟ್ರೋಲಿನಲ್ಲಿ ನೀರು ಸೇರಿರಬಹುದು. ನೀರು ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಹಾರುವ ಮುನ್ನ ಟ್ಯಾಂಕಿನ ತಳದಿಂದ ಒಂದಿಷ್ಟು ಎಣ್ಣೆಯನ್ನು ಗಾಜಿನ ನಳಿಕೆಗೆ ಹಿಡಿದು ನೋಡುವ ಪದ್ಧತಿ ಇದೆ. ಸಣ್ಣ ವಿಮಾನಗಳ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುವುದರಿಂದ ನೀರಿನ ಗುಳ್ಳೆ ಬೇರೆಯಾಗಿ ಕಾಣುತ್ತದೆ. ಕಿಡಿ ಕೊಡುವ ಮ್ಯಾಗ್ನೆಟೊ ಕೆಟ್ಟರೆ ಎಂಬ ಭಯಕ್ಕೆ ಅಂಥವು ಎರಡಿರುತ್ತವೆ, ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳು. ಬ್ಯಾಟರಿ ಸತ್ತರೂ ಇವು ಕೆಲಸ ಬಿಡುವುದಿಲ್ಲ.

ಒಂದು ಕಾರಣ ಮಾತ್ರ ನಮ್ಮನ್ನು ಅಚ್ಚರಿಗೊಳಿಸಿತು. ಅದು ಹಿಮ. ಹೊರಗೆ ೨೦ ಡಿಗ್ರಿ ಬೆಚ್ಚನೆಯ ಗಾಳಿ ಇದ್ದಾಗಲೂ ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿ ನುಗ್ಗಿ, ಪೆಟ್ರೋಲು ಆವಿಯಾಗುವಾಗ ಅಲ್ಲಿಯ ಉಷ್ಣತೆ ಇಪ್ಪತ್ತು ಮೂವತ್ತು ಡಿಗ್ರಿ ಕುಸಿದು, ಗಾಳಿಯಲ್ಲಿರುವ ತೇವ ಮಂಜುಗಡ್ಡೆಯಾಗಿ ಕಟ್ಟಿ ಎಂಜಿನ್ನಿನ ಉಸಿರನ್ನೇ ಬಿಗಿಯುತ್ತದೆ. ಆಷಾಢ ಶ್ರಾವಣದ ಬೆಳಗಾವಿಯ ತೇವದ ಹವೆ ಇದಕ್ಕೆ ಹೇಳಿಮಾಡಿಸಿದಂಥದು. ಪರಿಹಾರವಾಗಿ ಒಂದು ಗುಂಡಿ ಇದೆ. ಅದನ್ನೆಳೆದರೆ ಎಂಜಿನ್ನಿನ ಹೊಗೆಗೊಳವೆಯ ಸುತ್ತಲಿನ ಬಿಸಿಗಾಳಿ ಒಳಗೆ ಬಂದು ಹಿಮವನ್ನು ಕರಗಿಸುತ್ತದೆ. ಕರಗಿದ ನೀರನ್ನು ಕುಡಿಯುವಾಗ ಎಂಜಿನ್ ಮೊದಲಿಗಿಂತಲೂ ಹೆಚ್ಚು ಕೆಮ್ಮುತ್ತದೆ. ಹೊಸಬರು ಅದಕ್ಕೆ ಹೆದರಿ ಗುಂಡಿಯನ್ನು ಮುಚ್ಚಿಬಿಡುತ್ತಾರೆ. ಮುಚ್ಚದೆ ತಾಳಿಕೊಂಡವರಿಗೆ ಎಂಜಿನ್ ಮರಳಿ ಸಿಗುತ್ತದೆ.

ಇನ್ನು ಕೆಲವೊಮ್ಮೆ ಕಾರಣ ಒಂದು ತಿರುಪಿನಷ್ಟು ಚಿಕ್ಕದಾಗಿರುತ್ತದೆ. ಅಮೆರಿಕದ ಚಿತ್ರನಟ ಹ್ಯಾರಿಸನ್ ಫೋರ್ಡ್ ೨೦೧೫ರ ಮಾರ್ಚ್ ೫ರಂದು ತಮ್ಮ ಸ್ವಂತದ ಹಳೆಯ ತರಬೇತಿ ವಿಮಾನದಲ್ಲಿ ಸಾಂಟಾ ಮೋನಿಕಾದಿಂದ ಮೇಲೇರಿದ ಸ್ವಲ್ಪದರಲ್ಲೇ ಎಂಜಿನ್ ಬಲ ಕಳೆದುಕೊಂಡಿತು. ನಿಲ್ದಾಣಕ್ಕೆ ಮರಳಲು ಹೊರಟು, ಮುಟ್ಟಲಾರೆನೆಂದು ತಿಳಿದು, ಗಾಲ್ಫ್ ಮೈದಾನವೊಂದರಲ್ಲಿ ಇಳಿಸಿದರು. ಗಾಯವಾಯಿತು, ಜೀವ ಉಳಿಯಿತು. ತನಿಖೆಯಲ್ಲಿ ಕಂಡದ್ದು ಕಾರ್ಬ್ಯುರೇಟರಿನೊಳಗೆ ಸಡಿಲಗೊಂಡು ಕಳಚಿದ ಒಂದು ಚಿಕ್ಕ ಭಾಗ.

ಎಂಜಿನ್ನನ್ನು ಗಾಳಿಯಲ್ಲಿ ಮತ್ತೆ ಎಬ್ಬಿಸುವ ಕೆಲಸಕ್ಕೆ ಸಂಬಂಧಿಸಿದಂತೆ ಕನ್ನಡನಾಡಿನಲ್ಲಿ ನಡೆದ ಒಂದು ಪರೀಕ್ಷೆಯನ್ನು ಇಲ್ಲಿ ವಿಸ್ತರಿಸಿ ಹೇಳಬೇಕು. ಬೆಂಗಳೂರಿಗೆ ಸಣ್ಣ ವಿಮಾನಗಳ ನಂಟು ಹಳೆಯದು. ಕೊಲ್ಲಾಪುರ ಸೀಮೆಯಲ್ಲಿ ಜನಿಸಿದ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿದ ಎಚ್‌ಟಿ-೨ ತರಬೇತಿ ವಿಮಾನ ಅಲ್ಲಿ ೧೯೫೧ರ ಆಗಸ್ಟ್ ೫ರಂದು ಮೊದಲ ಸಲ ಹಾರಿತು. ಅನಂತರ ಅದೇ ನಗರದ ಎನ್‌ಎಎಲ್ ಎಂಬ ರಾಷ್ಟ್ರೀಯ ಪ್ರಯೋಗಾಲಯವು "ಹಂಸ" ಎಂಬ ಎರಡಾಸನದ ವಿಮಾನವನ್ನು ನಿರ್ಮಿಸಿತು. ಹಾರುವ ಯಂತ್ರಕ್ಕೆ ಈ ಹೆಸರನ್ನಿಟ್ಟವರ ಅಭಿರುಚಿಯನ್ನು ನಾವು ಮೆಚ್ಚುತ್ತೇವೆ. ಹಂಸದ ಹೊಸ ಆವೃತ್ತಿ ೨೦೨೧ರ ಸೆಪ್ಟೆಂಬರ್ ೩ರಂದು ಮೊದಲ ಹಾರಾಟ ನಡೆಸಿತು. ಅದಕ್ಕೆ ಪ್ರಮಾಣಪತ್ರ ದೊರೆಯಬೇಕಾದರೆ ದಾಟಬೇಕಾದ ಪರೀಕ್ಷೆಗಳಲ್ಲಿ ಅತಿ ಕಠಿಣವಾದದ್ದು, ಆಕಾಶದಲ್ಲಿ ಬೇಕೆಂದೇ ಎಂಜಿನ್ನನ್ನು ಆರಿಸಿ ಮತ್ತೆ ಹೊತ್ತಿಸುವುದು.

೨೦೨೨ರ ಮೇ ೧೭ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿರುವ ರಕ್ಷಣಾ ಸಂಶೋಧನೆಯವರ ಪರೀಕ್ಷಾ ಬಯಲಿನ ಮೇಲೆ ಈ ಕಾರ್ಯ ನಡೆಯಿತು. ವಾಯುಪಡೆಯ ಪರೀಕ್ಷಾ ಚಾಲಕರಾದ ವಿಂಗ್ ಕಮಾಂಡರ್ ಕೆ. ವಿ. ಪ್ರಕಾಶ್ ಹಾಗೂ ವಿಂಗ್ ಕಮಾಂಡರ್ ಎನ್. ಡಿ. ಎಸ್. ರೆಡ್ಡಿ ಅವರು ವಿಮಾನವನ್ನು ಏಳೆಂಟು ಸಾವಿರ ಅಡಿ ಎತ್ತರಕ್ಕೆ ಒಯ್ದು, ಗಂಟೆಗೆ ಸುಮಾರು ೧೧೦ರಿಂದ ೧೩೦ ಕಿಲೋಮೀಟರ್ ವೇಗದಲ್ಲಿ ಈ ಪರೀಕ್ಷೆ ನಡೆಸಿದರು. ಎಂಜಿನ್ ಸತ್ತರೂ ಎದುರುಗಾಳಿಗೆ ಪಂಖ ತಾನಾಗಿ ತಿರುಗುತ್ತಿರುವುದು ಒಂದು ಸ್ಥಿತಿ. ಪಂಖವೂ ಪೂರ್ತಿ ನಿಂತು ಕಣ್ಣೆದುರಿಗೆ ಅಡ್ಡಗೋಲಿನಂತೆ ಕಾಣುವುದು ಇನ್ನೊಂದು. ಎರಡೂ ಸ್ಥಿತಿಗಳಲ್ಲಿ ವಿಮಾನ ಚಾಲಕನ ಮಾತು ಕೇಳುತ್ತದೆಯೇ ಎಂದು ನೋಡಿದರು. ಕೇಳಿತು. ಕೆಳಗೆ ಎಂಜಿನಿಯರುಗಳು ಯಂತ್ರಗಳ ಮುಂದೆ ಕುಳಿತು ಪ್ರತಿಯೊಂದು ಅಂಕಿಯನ್ನೂ ಗಮನಿಸುತ್ತಿದ್ದರು. ನಮ್ಮ ಮಕ್ಕಳು ನಾಳೆ ಹಾರಿಸುವ ವಿಮಾನದ ಎಂಜಿನ್ ನಿಂತರೆ ಏನಾಗುತ್ತದೆಂಬುದನ್ನು ಇಬ್ಬರು ಮೊದಲೇ ಹೋಗಿ, ಅದನ್ನು ನಿಲ್ಲಿಸಿ, ಕಂಡು ಬಂದಿದ್ದಾರೆ. ಹೆತ್ತವರು ತಿಳಿದಿರಬೇಕಾದ ಸಂಗತಿ ಇದು.

ಈಗ ಎಲ್ಲಕ್ಕಿಂತ ಕೆಟ್ಟ ಹೊತ್ತಿನ ಮಾತು. ವಿಮಾನ ನೆಲ ಬಿಟ್ಟು ನಾಲ್ಕೈದುನೂರು ಅಡಿ ಏರಿದಾಗ ಎಂಜಿನ್ ನಿಂತರೆ, ಬಿಟ್ಟುಬಂದ ರನ್‌ವೇ ಬೆನ್ನ ಹಿಂದೆಯೇ ಇರುತ್ತದೆ, ಅಗಲವಾಗಿ, ಸಮತಟ್ಟಾಗಿ. ತಿರುಗಿಬಿಡೋಣವೆಂಬ ಆಸೆ ಹುಟ್ಟುತ್ತದೆ. ಅದೇ ಮಾರಕ. ನಿಧಾನವಾಗಿ ಅರ್ಧಸುತ್ತು ತಿರುಗಲು ಒಂದು ನಿಮಿಷ ಬೇಕು; ಅಷ್ಟರಲ್ಲಿ ಏಳುನೂರು ಅಡಿಗೂ ಮಿಕ್ಕಿ ಎತ್ತರ ಕರಗಿರುತ್ತದೆ. ಅರ್ಧಸುತ್ತು ಸಾಲುವುದೂ ಇಲ್ಲ. ತಿರುಗುವಾಗ ರನ್‌ವೇಯ ನೇರದಿಂದ ಪಕ್ಕಕ್ಕೆ ಸರಿದಿರುವುದರಿಂದ ಇನ್ನಷ್ಟು ತಿರುಗಿ ಮತ್ತೆ ಮರುತಿರುವು ತೆಗೆದುಕೊಳ್ಳಬೇಕು. ಅವಸರದಿಂದ ರೆಕ್ಕೆಯನ್ನು ೬೦ ಡಿಗ್ರಿ ವಾಲಿಸಿ ಎತ್ತರ ಕಾಯಲು ಹೋದರೆ ಸ್ಟಾಲ್ ಆಗುವ ವೇಗವೇ ಶೇಕಡಾ ೪೧ರಷ್ಟು ಮೇಲೇರುತ್ತದೆ. ನೇರ ಹಾರಾಟದಲ್ಲಿ ೯೦ ಕಿಲೋಮೀಟರಿಗೆ ಕೈಬಿಡುವ ರೆಕ್ಕೆ ಆಗ ೧೨೭ಕ್ಕೇ ಕೈಬಿಡುತ್ತದೆ. ಆದ್ದರಿಂದ ಕಡಿಮೆ ಎತ್ತರದಲ್ಲಿ ಮುಂದೆ ಕಾಣುವುದರಲ್ಲೇ, ಎಡಬಲ ಸ್ವಲ್ಪ ಹೊರಳಿ, ಇದ್ದುದರಲ್ಲಿ ಒಳ್ಳೆಯ ನೆಲ ಹುಡುಕಿ ಇಳಿಯಬೇಕೆಂದು ಶಾಲೆಗಳು ಬೋಧಿಸುತ್ತವೆ. ಹಿಂದಿರುವ ಒಳ್ಳೆಯದನ್ನು ಬಿಟ್ಟು ಮುಂದಿರುವ ಸಾಧಾರಣವಾದುದನ್ನು ಒಪ್ಪಿಕೊಳ್ಳುವುದು ಯೌವನಕ್ಕೆ ಕಷ್ಟ, ವೃದ್ಧಾಪ್ಯಕ್ಕೂ ಸುಲಭವಲ್ಲವೆನ್ನಿ.

ನಮ್ಮ ಮೂರು ತಾಲೂಕುಗಳ ನೆಲವನ್ನು ಎಂಜಿನ್ ನಿಂತ ಚಾಲಕನ ಕಣ್ಣಿನಿಂದ ಒಮ್ಮೆ ನೋಡೋಣ. ಗೋಕಾಕದ ಸುತ್ತಲಿನ ಮರಳುಗಲ್ಲಿನ ಗುಡ್ಡಗಳು, ಘಟಪ್ರಭೆ ೫೨ ಮೀಟರ್ ಧುಮುಕುವ ಆ ಕಣಿವೆ ನೋಡಲು ಚಂದ. ಇಳಿಯುವವನಿಗೆ ಅಲ್ಲಿ ಆಸರೆಯಿಲ್ಲ. ಅಲ್ಲಿಂದ ದೂರ ಸರಿಯಲು ಎತ್ತರವನ್ನು ಖರ್ಚುಮಾಡುವುದೇ ಲೇಸು. ಕಾಲುವೆಯ ನೀರುಂಡ ಮೂಡಲಗಿಯ ಬಯಲು ಮೇಲಿನಿಂದ ಹಸಿರು ಜಮಖಾನೆಯಂತೆ ಕಾಣುತ್ತದೆ. ಆದರೆ ಆ ಹಸಿರಿನಲ್ಲಿ ಬಹುಪಾಲು ಕಬ್ಬು. ಆಳೆತ್ತರ ಮೀರಿ ಬೆಳೆದ ಕಬ್ಬು ಗಂಟೆಗೆ ನೂರು ಕಿಲೋಮೀಟರ್ ವೇಗದ ವಿಮಾನಕ್ಕೆ ಮೆತ್ತನೆಯ ಹಾಸಿಗೆಯಲ್ಲ. ಚಕ್ರವನ್ನು ತಡೆಹಿಡಿದು ವಿಮಾನವನ್ನು ಮಗುಚಬಲ್ಲುದು. ಕಾರ್ತೀಕದ ನಂತರ ಕಟಾವು ಶುರುವಾದಾಗ ನಡುನಡುವೆ ತೆರೆದುಕೊಳ್ಳುವ ಬೋಳು ತುಂಡುಗಳು ಅದಕ್ಕಿಂತ ಮೇಲು, ಸಾಲುಗಳ ಉದ್ದಕ್ಕೇ ಇಳಿದರೆ ಮಾತ್ರ. ಅಡ್ಡ ಇಳಿದರೆ ಪ್ರತಿ ಸಾಲೂ ಒಂದು ಮೆಟ್ಟಿಲು.

ಕಡಲೆ, ಬಿಳಿಜೋಳ ಕಿತ್ತ ಮೇಲೆ ಮಾಘ ಫಾಲ್ಗುಣಗಳಲ್ಲಿ ಒಣಗಿ ಗಟ್ಟಿಯಾದ ಎರೆಭೂಮಿ ಈ ಸೀಮೆಯಲ್ಲಿ ಸಿಗುವ ಅತ್ಯುತ್ತಮ ರನ್‌ವೇ ಎನ್ನಬೇಕು. ಅದೇ ಎರೆಭೂಮಿ ಮಳೆಗಾಲದಲ್ಲಿ ಚಕ್ಕಡಿಯ ಗಾಲಿಯನ್ನೇ ನುಂಗುವುದನ್ನು ನಾವೆಲ್ಲ ಕಂಡಿದ್ದೇವೆ. ವಿಮಾನದ ಚಿಕ್ಕ ಚಕ್ರದ ಪಾಡೇನು! ಆಗ ಹುಕ್ಕೇರಿಯ ಪಶ್ಚಿಮದ ಮಡ್ಡಿನೆಲ, ಹುಲ್ಲುಗಾವಲು, ಇಳಿಜಾರಿನ ಮೇಲ್ಮುಖವಾಗಿ ಇಳಿಯುವಂತಿದ್ದರೆ, ಹೆಚ್ಚು ನಂಬುಗೆಯದು. ಹಿಡಕಲ್ ಜಲಾಶಯದ ವಿಶಾಲ ನೀರು ಕಣ್ಣನ್ನು ಸೆಳೆದೀತು. ಆದರೆ ಕೆಳಗೆ ಬಿಗಿಯಾಗಿ ನಿಂತ ಚಕ್ರಗಳಿರುವ ವಿಮಾನ ನೀರನ್ನು ಮುಟ್ಟಿದ ಕೂಡಲೆ ಮುಗ್ಗರಿಸುವುದೇ ಹೆಚ್ಚು. ಈಜು ಬಾರದವರಿಗೆ ಆಮೇಲಿನ ಕಷ್ಟ ಬೇರೆ. ರಸ್ತೆಗಳು ನೇರವಾಗಿದ್ದರೂ ಅಂಚಿನ ಮರ, ವಾಹನ, ತಂತಿಗಳ ಕಾಟವಿದೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಕಂಬಗಳ ಸಾಲನ್ನು ಕಂಡು ತಂತಿಯನ್ನು ಊಹಿಸಬೇಕು. ಪ್ರತಿ ಬಾವಿಗೂ ಪಂಪ್‌ಸೆಟ್ ಇರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಎಷ್ಟು ನೆಲ ಬೇಕು? ೪೦೦ ಮೀಟರ್ ಉದ್ದ, ೪೦ ಮೀಟರ್ ಅಗಲದ ಅಡೆತಡೆಯಿಲ್ಲದ ಪಟ್ಟಿ ಸಿಕ್ಕರೆ ಸಣ್ಣ ವಿಮಾನಕ್ಕೆ ಧಾರಾಳ. ಅದು ನಾಲ್ಕು ಎಕರೆಗೆ ಸಮ. ಗಾಳಿಗೆ ಎದುರಾಗಿ ಇಳಿದರೆ ಇನ್ನೂ ಕಡಿಮೆ ಸಾಕು. ೧೧೦ ಕಿಲೋಮೀಟರ್ ವೇಗದ ವಿಮಾನಕ್ಕೆ ೨೫ ಕಿಲೋಮೀಟರ್ ಗಾಳಿ ಎದುರಿದ್ದರೆ ನೆಲ ಮುಟ್ಟುವ ವೇಗ ೮೫, ಬೆನ್ನಿಗಿದ್ದರೆ ೧೩೫. ಅಪ್ಪಳಿಸುವ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಎರಡರ ನಡುವಿನ ವ್ಯತ್ಯಾಸ ಎರಡೂವರೆ ಪಟ್ಟು. ಗಾಳಿಯ ದಿಕ್ಕನ್ನು ಮೇಲಿನಿಂದ ತಿಳಿಯುವುದು ಹೇಗೆಂದರೆ, ಹೊಗೆಯಿಂದ. ಬೆಲ್ಲದ ಗಾಣಗಳ ಹೊಗೆ, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯಂಥ ಕಾರ್ಖಾನೆಗಳ ಚಿಮಣಿಯ ಹೊಗೆ ಎತ್ತ ಬಾಗಿದೆಯೋ ಅದರ ಎದುರು ದಿಕ್ಕಿಗೆ ಮೂತಿ ಇರಬೇಕು. ಮಳೆಗಾಲದಲ್ಲಿ ಹೊಗೆ ಬೇಕಿಲ್ಲ. ಪಡುವಣ ಗಾಳಿ ಎಲ್ಲರಿಗೂ ಗೊತ್ತು.

ನೆಲ ಹತ್ತಿರವಾದಾಗ ಪೆಟ್ರೋಲಿನ ಕೀಲನ್ನು ಮುಚ್ಚುತ್ತಾರೆ, ಕಿಡಿಯನ್ನು ಆರಿಸುತ್ತಾರೆ, ಸೊಂಟ ಹೆಗಲುಗಳ ಪಟ್ಟಿಯನ್ನು ಬಿಗಿಯುತ್ತಾರೆ. ತಗಡು ನಜ್ಜುಗುಜ್ಜಾಗಿ ಬಾಗಿಲು ಸಿ‌ಕ್ಕಿಕೊಳ್ಳಬಾರದೆಂದು ಅದನ್ನು ಮೊದಲೇ ತುಸು ತೆರೆದಿಡುತ್ತಾರೆ. ಇಲ್ಲಿಂದ ಮುಂದೆ ವಿಮಾನವನ್ನು ಉಳಿಸುವ ಆಸೆ ಬಿಡಬೇಕು. ೮೦ ಕಿಲೋಮೀಟರ್ ವೇಗದಲ್ಲಿರುವುದು ಏಕಪ್ರಕಾರವಾಗಿ ಮೂರು ಮೀಟರಿನೊಳಗೆ ನಿಂತರೂ ದೇಹದ ಮೇಲೆ ಬೀಳುವ ಒತ್ತಡ ಗುರುತ್ವದ ಸುಮಾರು ಎಂಟೂವರೆ ಪಟ್ಟು. ಪಟ್ಟಿ ಬಿಗಿದು ಕುಳಿತವರು ತಾಳಿಕೊಳ್ಳುವಂಥದು. ಬೇಲಿಗೆ ರೆಕ್ಕೆ ಮುರಿಯಲಿ, ಬದುವಿಗೆ ಚಕ್ರ ಕಳಚಲಿ. ಮುರಿಯುವ ಒಂದೊಂದು ಭಾಗವೂ ಒಳಗಿರುವವರ ಪೆಟ್ಟನ್ನು ತಾನು ಹೊತ್ತುಕೊಳ್ಳುತ್ತದೆ. ಕೋಟಿ ಬೆಲೆಯ ವಸ್ತುವಿನ ಮೋಹಕ್ಕೆ ಬಿದ್ದು ದೂರದ ಒಳ್ಳೆಯ ಹೊಲಕ್ಕೆ ಎಳೆದಾಡಿದವರು ವೇಗ ಕಳೆದುಕೊಂಡಿದ್ದಾರೆ.

ಎಂಜಿನ್ ಪೂರ್ತಿ ನಿಲ್ಲದೆ ಅರೆಬರೆ ನಡೆಯುವ ಪ್ರಸಂಗ ಇನ್ನೂ ಮೋಸದ್ದು. ಸತ್ತ ಎಂಜಿನ್ ತೀರ್ಮಾನವನ್ನು ತಾನೇ ಕೊಟ್ಟುಬಿಡುತ್ತದೆ. ಕೆಮ್ಮುವ ಎಂಜಿನ್ ಆಸೆ ತೋರಿಸುತ್ತದೆ, "ಮನೆ ಮುಟ್ಟಿಸುತ್ತೇನೆ" ಎನ್ನುತ್ತದೆ. ಆಯಿಲ್ ಒತ್ತಡ ಇಳಿದು ಶಾಖ ಏರುತ್ತಿದ್ದರೆ ಅದರ ಮಾತನ್ನು ನಂಬದೆ, ಬಲ ಇರುವಾಗಲೇ ಹತ್ತಿರದ ಒಳ್ಳೆಯ ನೆಲಕ್ಕೆ ಇಳಿಸಬೇಕೆಂಬುದು ಬಲ್ಲವರ ಮತ.

ಮಕ್ಕಳನ್ನು ಕಳುಹಿಸಬೇಕೆಂದಿರುವ ಮನೆಯವರಿಗೆ ನಮ್ಮದೊಂದು ಮಾತು. ಹಾರಾಟದ ಶಾಲೆಗೆ ಹೋದಾಗ ಶುಲ್ಕವೆಷ್ಟು, ನೌಕರಿ ಸಿಗುತ್ತದೆಯೇ ಎಂದಷ್ಟೇ ಕೇಳಿ ಬರಬೇಡಿ. ಎಂಜಿನ್ನುಗಳು ಎಷ್ಟು ಗಂಟೆ ಓಡಿವೆ ಎಂದು ಕೇಳಿ. ಇಂಥ ಎಂಜಿನ್ನುಗಳಿಗೆ ಸಾಮಾನ್ಯವಾಗಿ ೨೦೦೦ ಗಂಟೆಗೊಮ್ಮೆ ಪೂರ್ಣ ಬಿಚ್ಚಿ ಕಟ್ಟುವ ಅವಧಿ ಇರುತ್ತದೆ. ದುರಸ್ತಿ ಮಾಡುವವರು ಎಷ್ಟು ಮಂದಿ, ವಿಮಾನಗಳು ಎಷ್ಟು, ದೋಷ ಕಂಡೆನೆಂದು ಶಿಷ್ಯನು ಹಾರಲು ನಿರಾಕರಿಸಿದರೆ ಅವನನ್ನು ಗದರಿಸುತ್ತಾರೆಯೇ ಎಂದು ವಿಚಾರಿಸಿ. ೨೦೨೩ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯ ಬಳಿ ಒಂದೇ ವಾರದಲ್ಲಿ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದಾಗ, ಹೊನ್ನಿಹಾಳದಲ್ಲಿ ಇಳಿದ ವಿಮಾನದ ಆ ಸಂಸ್ಥೆಯದೇ ಅವುಗಳಾಗಿದ್ದುದರಿಂದ, ನಾಗರಿಕ ವಿಮಾನಯಾನ ನಿರ್ದೇಶನಾಲಯವು ಸಂಸ್ಥೆಯ ಎಲ್ಲ ನೆಲೆಗಳಲ್ಲಿ ತರಬೇತಿಯನ್ನು ಕೆಲಕಾಲ ನಿಲ್ಲಿಸಿ ಪರಿಶೀಲನೆಗೆ ಒಳಪಡಿಸಿತು. ಚಾಲಕನ ವಿದ್ಯೆ ಎಷ್ಟೇ ಇರಲಿ, ಸ್ಪ್ಯಾನರ್ ಹಿಡಿಯುವ ಕೈಯ ಕಾಯಕ ಶುದ್ಧವಾಗಿರದಿದ್ದರೆ ಆ ವಿದ್ಯೆಗೆ ಪದೇಪದೇ ಪರೀಕ್ಷೆ ತಪ್ಪದು.

ಇನ್ನು ಹೊಲದವರ ಪಾಲಿನದು. ವಿಮಾನ ಇಳಿಯುತ್ತಿರುವುದು ಕಂಡರೆ ಅದರ ದಾರಿಯಿಂದ ಪಕ್ಕಕ್ಕೆ ಸರಿಯಬೇಕು, ದನಗಳನ್ನು ಹೊಡೆದುಕೊಂಡು ಹೋಗಬೇಕು. ಸದ್ದಿಲ್ಲದೆ ಬರುತ್ತದೆಂಬುದನ್ನು ಮರೆಯಬಾರದು. ನಿಂತ ಮೇಲೆ ಮುಂದಿನಿಂದ ಹೋಗಕೂಡದು, ಪಂಖವನ್ನು ಮುಟ್ಟಕೂಡದು. ಮ್ಯಾಗ್ನೆಟೊ ಜೀವಂತವಿದ್ದರೆ ಕೈಯಿಂದ ತುಸು ತಿರುಗಿಸಿದರೂ ಎಂಜಿನ್ ಒದೆಯಬಹುದು. ರೆಕ್ಕೆಗಳಲ್ಲಿ ಪೆಟ್ರೋಲಿರುವುದರಿಂದ ಬೀಡಿ, ಬೆಂಕಿಪೆಟ್ಟಿಗೆ ದೂರವಿರಲಿ. ಕೆಲವು ಹೊಸ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದ್ದು, ಅದನ್ನು ಹೊರಗೆಸೆಯಲು ಪುಟ್ಟ ರಾಕೆಟ್ ಅಡಗಿರುತ್ತದೆ. ಎಚ್ಚರಿಕೆಯ ಗುರುತು ಅಂಟಿಸಿದ ಜಾಗದ ಬಳಿ ನಿಲ್ಲಬಾರದು. ಬೆಂಕಿ ಇಲ್ಲದಿದ್ದರೆ ಗಾಯಾಳುಗಳನ್ನು ಎಳೆದಾಡದೆ, ಕತ್ತು ಅಲುಗದಂತೆ ಆಧಾರಕೊಟ್ಟು, ೧೧೨ಕ್ಕೆ ಕರೆಮಾಡಿ ಕಾಯುವುದು ಮೇಲು. ಬೆಂಕಿ ಕಂಡರೆ ಆ ವಿಚಾರ ಬಿಟ್ಟು ಮೊದಲು ಹೊರಗೆ ತೆಗೆಯಬೇಕು.

ಊರಿಗೆ ಊರೇ ನೆರೆದು ರೆಕ್ಕೆಯ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವ ಚಪಲವನ್ನು ಹಿರಿಯರು ತಡೆಯಬೇಕು. ಜನರನ್ನು ಬಿಡಿಸುವ ಕೆಲಸವೊಂದನ್ನುಳಿದು ವಿಮಾನದ ಯಾವ ಭಾಗವನ್ನೂ ಅನುಮತಿಯಿಲ್ಲದೆ ಸರಿಸುವುದು ಕಾನೂನಿಗೆ ವಿರುದ್ಧ. ತನಿಖೆಯವರಿಗೆ ಒಂದು ಕೀಲು ಯಾವ ಸ್ಥಾನದಲ್ಲಿತ್ತೆಂಬುದೂ ಸಾಕ್ಷಿ. ಚಕ್ರದ ಗುರುತು ಮೂಡಿದ ಸಾಲುಗಳನ್ನು ಅವರು ನೋಡಿ ಮುಗಿಸುವವರೆಗೆ ಹರಗಬಾರದು, ನೀರು ಬಿಡಬಾರದು. ಬೆಳೆ ಹಾಳಾಗಿದ್ದರೆ ಎಷ್ಟು ಗುಂಟೆ, ಯಾವ ಬೆಳೆ, ಎಷ್ಟು ತಿಂಗಳಿನದು ಎಂಬುದನ್ನು ಪೊಲೀಸರ ಪಂಚನಾಮೆಯಲ್ಲಿಯೇ ಬರೆಸಿ, ಅದರ ನಕಲನ್ನು ಇಟ್ಟುಕೊಂಡು, ಗ್ರಾಮ ಆಡಳಿತಾಧಿಕಾರಿಗೂ ಅಂದೇ ತಿಳಿಸುವುದು ಒಳಿತು.